ಬೋಟಿನ ತಳಕ್ಕೆ ಮಳೆಗಾಲದ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೋಟುಗಳು ದಡ ಹತ್ತಿದ ಕೂಡಲೇ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯ ಎಂಜಿನ್ನಿನಿಂದ ಬಣ್ಣಕ್ಕೆ ತಿರುಗುತ್ತದೆ. ಈ ಸಲ ನೀರಿನಡಿಯ ಭಾಗದ ಬಣ್ಣದ ಬಗ್ಗೆ ಬಂದ ಪ್ರಶ್ನೆಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ. ಬಲೆ, ಬ್ಯಾಟರಿ, ಸಬ್ಸಿಡಿ ವಿಚಾರಿಸಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ನಮ್ಮದು ಫೈಬರ್ ಬೋಟ್. ಕಳೆದ ವರ್ಷ ಜುಲೈ ಕೊನೆಯ ವಾರದಲ್ಲಿ ದುಬಾರಿ ಆಂಟಿಫೌಲಿಂಗ್ ಬಣ್ಣವನ್ನೇ (ತಳಕ್ಕೆ ಚಿಪ್ಪು, ಪಾಚಿ ಹತ್ತದಂತೆ ತಡೆಯುವ ಬಣ್ಣ) ಎರಡು ಕೋಟ್ ಹೊಡೆಸಿದೆವು. ದೀಪಾವಳಿ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಎದ್ದು ಅಲ್ಲೆಲ್ಲ ಚಿಪ್ಪು ಕಟ್ಟಿತು. ಈ ವರ್ಷ ಕಂಪನಿ ಬದಲಾಯಿಸಬೇಕೆ?
– ಬೋಟ್ ಮಾಲೀಕರು, ಮಲ್ಪೆ

ಕಂಪನಿಯನ್ನು ಬೈಯುವ ಮೊದಲು ಎದ್ದ ಬಣ್ಣದ ಒಂದು ಚೂರನ್ನು ಕಿತ್ತು ಹಿಂಬದಿ ನೋಡಿ. ಹಳೆಯ ವರ್ಷಗಳ ಪದರವೂ ಜೊತೆಗೇ ಬಂದಿದ್ದರೆ ಕೆಳಗಿನದು ಸತ್ತಿತ್ತು, ಅದರ ಮೇಲೆ ಹೊಸದನ್ನು ಹೊದಿಸಿದ್ದಾರೆ. ಹಿಂಬದಿ ಗಾಜಿನಂತೆ ನುಣುಪಾಗಿದ್ದರೆ ಉಜ್ಜುವ ಕೆಲಸ ನಡೆದೇ ಇಲ್ಲ. ಬಿಳಿ ಪುಡಿಯೋ ಜಿಡ್ಡೋ ಕಂಡರೆ ಉಪ್ಪಿನ ಮೇಲೆ, ಇಲ್ಲವೇ ತೇವದ ಮೇಲೆ ಹೊಡೆದಿದ್ದಾರೆ. 'ಜುಲೈ ಕೊನೆಯ ವಾರ' ಎಂದು ಓದಿದಾಗಲೇ ನನ್ನ ಅನುಮಾನ ಈ ಕೊನೆಯದರ ಮೇಲೆ ಹೋಯಿತು.

ನಮ್ಮ ಕರಾವಳಿಯ ಕಷ್ಟವೇ ಇದು. ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ. ಬಣ್ಣಕ್ಕೆ ವರ್ಷದಲ್ಲೇ ಅತಿ ಕೆಟ್ಟ 61 ದಿನಗಳೂ ಅವೇ. ಹಾಗಾಗಿ ಜೂನ್ ತಿಂಗಳನ್ನು ಬಲೆ ರಿಪೇರಿಗೂ ನೆಂಟರ ಮದುವೆಗೂ ಕಳೆದು ಜುಲೈ 25ಕ್ಕೆ ಪೇಂಟರನನ್ನು ಹುಡುಕುವುದು ದುಡ್ಡನ್ನು ಅಳಿವೆಗೆ ಸುರಿದಂತೆ.

ಬೋಟ್ ಮೇಲೆ ಬಂದ ದಿನವೇ, ತಳ ಒದ್ದೆ ಇರುವಾಗಲೇ ಕೆರೆಯಿರಿ. ತಳಕ್ಕೆ ಚಿಪ್ಪು ಕಟ್ಟುವ ಬಾರ್ನಕಲ್, ಏಡಿ, ಸಿಗಡಿಗಳ ಬಳಗದ ಜೀವಿ. ಮರಿಯಾಗಿದ್ದಾಗ ಈಜಿ ಬಂದು, ಜಾಗ ಹಿಡಿಸಿದರೆ ತಲೆಯ ಕಡೆಯಿಂದ ಅಂಟು ಸುರಿಸಿ ಕೂರುತ್ತದೆ. ಆಮೇಲೆ ಸಾಯುವವರೆಗೂ ಕದಲುವುದಿಲ್ಲ. ಹಸಿ ಇರುವಾಗ ಉಳಿ ಕೊಟ್ಟರೆ ಬುಡ ಸಮೇತ ಬರುವ ಸಂಭವ ಹೆಚ್ಚು. ಒಣಗಿದರೆ ಮೇಲಿನ ಗೋಡೆ ಮಾತ್ರ ಮುರಿದು, ನಾಣ್ಯದಗಲದ ಬಿಳಿ ಬಿಲ್ಲೆ ತಳದಲ್ಲೇ ಉಳಿಯುತ್ತದೆ. 'ಎಲ್ಲ ಕೆರೆದಾಯಿತು' ಎಂದು ಪೇಂಟರ್ ಹೇಳಿದಾಗ ಅಂಗೈ ಸವರಿ ನೋಡಿ. ಕಣ್ಣಿಗೆ ಕಾಣದ ಬಿಲ್ಲೆ ಕೈಗೆ ಸಿಗುತ್ತದೆ. ಅದರ ಮೇಲೆ ಹೊಡೆದ ಬಣ್ಣ ಬಿಲ್ಲೆಯ ಸಮೇತ ಕಳಚುತ್ತದೆ.

ಆಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ಅಳಿವೆಯ ನೀರಿಗೆ ಪಂಪ್ ಇಟ್ಟು ತೊಳೆಯುವುದನ್ನು ನೋಡಿದಾಗಲೆಲ್ಲ ನನಗೆ ಕೋಪ ಬರುತ್ತದೆ. ಉಪ್ಪು ತೆಗೆಯಲು ಉಪ್ಪುನೀರು! ಶೆಡ್ಡಿನ ಸೂರಿನಿಂದ ಪುಕ್ಕಟೆಯಾಗಿ ಸುರಿಯುವ ಮಳೆನೀರನ್ನು ಡ್ರಮ್ಮಿಗೆ ಹಿಡಿದುಕೊಳ್ಳಿ. ತೊಳೆದ ಮೇಲೆ ಒಂದು ಚೊಂಬು ನೀರು ಎರಚಿ. ನೀರು ಹಾಳೆಯಂತೆ ಹರಡಿಕೊಂಡರೆ ಸರಿ. ಹನಿಹನಿಯಾಗಿ ನಿಂತರೆ ಅಲ್ಲಿ ಡೀಸೆಲ್ ಅಥವಾ ಗ್ರೀಸ್ ಜಿಡ್ಡಿದೆ, ಸೋಪು ಹಾಕಿ ಮತ್ತೆ ತೊಳೆಯಿರಿ. ನಂತರ 80 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕುತ್ತಲೇ ಉಜ್ಜಬೇಕು. ಹಳೆಯ ಬಣ್ಣದಲ್ಲಿರುವುದು ವಿಷ. ಒಣಗಿಸಿ ಮೆಷಿನ್ ಹಿಡಿದರೆ ಆ ಕೆಂಪು ಧೂಳು ಹುಡುಗರ ಶ್ವಾಸಕೋಶ ಸೇರುತ್ತದೆ. ಕೆರೆದದ್ದು ಟಾರ್ಪಾಲಿನ ಮೇಲೆ ಬೀಳಲಿ, ನೀರಿಗಲ್ಲ.

ಇನ್ನು ತೇವ. ತಳದ ಮೇಲ್ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು, ಗಾಳಿಯ ತೇವಾಂಶ ಶೇ. 85 ದಾಟಿರಬಾರದು ಎಂಬುದು ಬಣ್ಣದವರ ಸಾಮಾನ್ಯ ನಿಯಮ. ಜುಲೈನಲ್ಲಿ ಶೇ. 85ರ ಕೆಳಗಿನ ಗಾಳಿ ಎಲ್ಲಿ ಸಿಗುತ್ತದೆ ಎಂದು ನೀವು ನಗಬಹುದು. ಸಿಗುತ್ತದೆ, ಆದರೆ ಗಂಟೆಗಳ ಲೆಕ್ಕದಲ್ಲಿ: ಮಳೆ ಹೊಳವಾದ ದಿನ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ನಡುವೆ. ಆ ಹೊತ್ತಿಗೆ ಸಿದ್ಧವಾಗಿರಬೇಕಾದರೆ ಕೆರೆಯುವುದು, ತೊಳೆಯುವುದು, ಉಜ್ಜುವುದು ಜೂನ್ ತಿಂಗಳಲ್ಲೇ ಮುಗಿದಿರಬೇಕು, ನೆತ್ತಿಯಿಂದ ನೆಲದವರೆಗೆ ಟಾರ್ಪಾಲು ಇಳಿದಿರಬೇಕು. ಆಂಟಿಫೌಲಿಂಗಿಗೆ ಮೊದಲು ಬಳಿಯುವ ಎಪಾಕ್ಸಿ ಪ್ರೈಮರ್ ತೇವದ ಗಾಳಿಯಲ್ಲಿ ಒಣಗುವಾಗ ಮೇಲೆ ಮೇಣದಂಥ ಬೆವರು ಬಿಡುವುದುಂಟು. ಕಣ್ಣಿಗೆ ಅದು ಬರೀ ಮಬ್ಬು, ಬೆರಳಿಗೆ ಮಾತ್ರ ಜಿಡ್ಡು. ಅದನ್ನು ಸಿಹಿನೀರು, ನಾರು ಹಾಕಿ ತಿಕ್ಕದೆ ಮೇಲೆ ಆಂಟಿಫೌಲಿಂಗ್ ಹೊಡೆದರೆ ನಿಮ್ಮ ಕಳೆದ ವರ್ಷದ ಹಪ್ಪಳ ಮತ್ತೆ ತಯಾರು.

ಕಡೆಯದಾಗಿ, ಡಬ್ಬದ ತಳ. ಚಿಪ್ಪನ್ನು ದೂರವಿಡುವ ತಾಮ್ರದ ಆಕ್ಸೈಡ್ ಭಾರವಾದ್ದರಿಂದ ಕೆಳಗೆ ಕೆಸರಾಗಿ ಕೂರುತ್ತದೆ. ಮೇಲಿನ ನೀರು ಬಣ್ಣವನ್ನು ಬೋಟಿಗೆ ಬಳಿದು, ಅಸಲು ಮದ್ದನ್ನು ಡಬ್ಬದೊಂದಿಗೆ ಗುಜರಿಗೆ ಹಾಕುವವರಿದ್ದಾರೆ. ಅಡಿಯ ಕೆಸರು ಪೂರ್ತಿ ಎದ್ದು ಬರುವವರೆಗೆ ಕದಡಿಸಿ. ಥಿನ್ನರ್ ಸುರಿದು 'ಒಂದು ಡಬ್ಬ ಉಳಿಸಿಕೊಟ್ಟೆ' ಎನ್ನುವ ಪೇಂಟರ್ ನಿಮಗೆ ಉಳಿಸಿದ್ದು ಏನೂ ಇಲ್ಲ; ಪದರ ತೆಳುವಾದಷ್ಟೂ ಬಣ್ಣದ ಆಯುಷ್ಯ ಕಡಿಮೆ.

ಬೋಟಿನ ತಳದಲ್ಲಿ ಅಲ್ಲಲ್ಲಿ ಗುಳ್ಳೆ. ಒಡೆದರೆ ಹುಳಿ ವಾಸನೆಯ ನೀರು. ಪುಟ್ಟಿ ಹಾಕಿ ಬಣ್ಣ ಹೊಡೆಯಬಹುದೇ?
– ಓದುಗರು, ಕುಂದಾಪುರ

ಹುಳಿ ವಾಸನೆ ಬಂತೆಂದರೆ ಅದು ಬಣ್ಣದ ಗುಳ್ಳೆಯಲ್ಲ, ಫೈಬರಿನದೇ. ನೀರು ನಿಧಾನವಾಗಿ ಫೈಬರಿನ ಹೊರಪದರವಾದ ಜೆಲ್‌ಕೋಟ್ ದಾಟಿ ಒಳಗೆ ಹೋಗಿ, ರಾಳದ ಅಂಶಗಳನ್ನು ಕರಗಿಸಿಕೊಂಡು, ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತಾ ಉಬ್ಬಿದೆ. ಹತ್ತಿಪ್ಪತ್ತು ಗುಳ್ಳೆಗೆ ಬೋಟ್ ಮುಳುಗುವುದಿಲ್ಲ, ಗಾಬರಿ ಬೇಡ. ಆದರೆ ಒಡೆದು, ಅದೇ ಸಂಜೆ ಕಾರಿನ ಪುಟ್ಟಿ ಮೆತ್ತಬೇಡಿ. ಆ ಪಾಲಿಯೆಸ್ಟರ್ ಪುಟ್ಟಿಯೇ ನೀರು ಕುಡಿಯುತ್ತದೆ, ಒಳಗಿನ ಹುಳಿನೀರೂ ಬಂದಿಯಾಗುತ್ತದೆ. ಗುಳ್ಳೆ ತೆರೆದು ಗಟ್ಟಿ ಫೈಬರ್ ಸಿಗುವವರೆಗೆ ಕೆರೆದು, ಸಿಹಿನೀರಿನಲ್ಲಿ ಹಲವು ಬಾರಿ ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಬೇಕು. ಜುಲೈನಲ್ಲಿ ಒಣಗುವ ಮಾತೇ ಇಲ್ಲ. ಬೇಸಿಗೆಯಲ್ಲಿ ಒಂದಷ್ಟು ದಿನ ಬೋಟ್ ನಿಲ್ಲಿಸಲು ಮನಸ್ಸು ಮಾಡಿ. ಅಲ್ಲಿಯವರೆಗೆ ಇದ್ದ ಗುಳ್ಳೆ ಇದ್ದ ಹಾಗೇ ಇರಲಿ.

ಪೇಂಟರ್ ಸತುವಿನ ತುಂಡುಗಳಿಗೂ ಚೆಂದವಾಗಿ ಬಣ್ಣ ಬಳಿದಿದ್ದಾನೆ. ತೊಂದರೆಯೇ? ಸತು ಜಾಸ್ತಿ ಹಾಕಿದರೆ ಚಿಪ್ಪೂ ಕಡಿಮೆಯಾಗುತ್ತದೆ ಎನ್ನುತ್ತಾರೆ, ನಿಜವೇ?
– ತಾಂಡೇಲರು, ಕಾರವಾರ

ಬಣ್ಣವನ್ನು ಇಂದೇ ಕೆರೆಸಿ, ಲೋಹ ಬೆಳ್ಳಗೆ ಕಾಣಬೇಕು. ಸತು ಇರುವುದೇ ತಾನು ಸವೆದು ಪ್ರೊಪೆಲ್ಲರ್, ಶಾಫ್ಟ್‌ಗಳನ್ನು ಉಳಿಸಲು. ಅರ್ಧ ಸವೆದಾಗ ಹೊಸದು ಹಾಕಿ.

ಎರಡನೆಯದು ನಿಜವಲ್ಲ. ಇದನ್ನು ಬ್ರಿಟಿಷ್ ನೌಕಾಪಡೆ ಇನ್ನೂರು ವರ್ಷಗಳ ಹಿಂದೆಯೇ ಖರ್ಚು ಮಾಡಿ ಕಲಿತಿದೆ. ಆಗ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು, ಅದು ಬೇಗ ಸವೆಯುತ್ತಿತ್ತು. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ತಗಡಿಗೆ ಸತು, ಕಬ್ಬಿಣದ ತುಂಡು ಜೋಡಿಸಲು ಹೇಳಿದ. ತಾಮ್ರ ಸವೆಯುವುದು ನಿಂತಿತು, ಸರಿ. ಆದರೆ ತಳದ ತುಂಬ ಚಿಪ್ಪು, ಪಾಚಿ! ನೀರಿಗೆ ಬಿಡುಗಡೆಯಾಗುವ ತಾಮ್ರವೇ ಅವುಗಳನ್ನು ದೂರವಿಡುತ್ತಿತ್ತು. ಸವೆಯದ ತಾಮ್ರಕ್ಕೆ ಯಾವ ಜೀವಿಯೂ ಹೆದರುವುದಿಲ್ಲ. ನಿಮ್ಮ ಬಣ್ಣದೊಳಗಿನ ತಾಮ್ರ ಕೆಲಸ ಮಾಡುವುದೂ ಹಾಗೆಯೇ. ಇನ್ನು, ತಾಮ್ರದ ಜೊತೆ ಸೇರಿದರೆ ಸತುವಿನಂತೆ ಅಲ್ಯೂಮಿನಿಯಂ ಕೂಡ ತಾನೇ ಸವೆಯುತ್ತದೆ. ಹಾಗಾಗಿ ಅಲ್ಯೂಮಿನಿಯಂ ದೋಣಿಗೆ ತಾಮ್ರದ ಬಣ್ಣ ತಾಗಿಸಲೇಬೇಡಿ, ತೂತು ಬೀಳುತ್ತದೆ.

ಗೋದಾಮಿನಲ್ಲಿ ತವರದ ಹಳೆಯ ಬಣ್ಣದ ಡಬ್ಬಗಳಿವೆ. ಅದರಷ್ಟು ಗಟ್ಟಿ ಮದ್ದು ಈಗಿನದರಲ್ಲಿ ಇಲ್ಲವಂತೆ. ಬಳಸಲೇ?
– ಓದುಗರು, ಮಂಗಳೂರು

ಬೇಡ. ಆ ಬಣ್ಣದಲ್ಲಿರುವ ತವರದ ವಿಷ, ಟ್ರೈಬ್ಯುಟೈಲ್ ಟಿನ್, ಚಿಪ್ಪುಗಳ ಸಂತಾನವನ್ನೇ ಕೆಡಿಸುವಷ್ಟು ಗಟ್ಟಿ ಎಂಬುದು ನಿಜ. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿ ಕೃಷಿ ಅದರಿಂದಲೇ ನೆಲಕಚ್ಚಿತು. 2001ರ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿತು, 2008ರ ಸೆಪ್ಟೆಂಬರಿನಿಂದ ಆ ಒಪ್ಪಂದ ಜಾರಿಯಲ್ಲಿದೆ. ನೀವು ಬೋಟ್ ಕಟ್ಟುವ ಅಳಿವೆಯಲ್ಲೇ ಪಚ್ಚಿಲೆ, ಮರುವಾಯಿಯಂಥ ಚಿಪ್ಪುಮೀನುಗಳನ್ನು ಹೆಕ್ಕಿ ಸಾರು ಮಾಡುತ್ತೀರಲ್ಲ. ಡಬ್ಬಗಳನ್ನು ತೆರೆಯದೆ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವವರಿಗೆ ಒಪ್ಪಿಸಿ.

ಅಜ್ಜನ ಕಾಲದ ಮರದ ದೋಣಿ, ಶರಾವತಿಯಲ್ಲೇ ಓಡಾಟ. ಗೇರೆಣ್ಣೆ ಸಾಕೇ, ಬಣ್ಣ ಬೇಕೇ?
– ಓದುಗರು, ಹೊನ್ನಾವರ

ಮೇಲ್ಹೊಳೆಯಲ್ಲೇ ಇರುವ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಸಾಕು; ಚೆನ್ನಾಗಿ ಒಣಗಿದ ಮರಕ್ಕೆ, ಕೈಗವಸು ಹಾಕಿಕೊಂಡು ಬಳಿಯಿರಿ, ಚರ್ಮ ಸುಡುತ್ತದೆ. ಅಳಿವೆಯ ಕಡೆ ಕಟ್ಟುವುದಾದರೆ ಮರ ಕೊರೆಯುವ ಹುಳದ ಕಾಟವಿದೆ. ಹುಳ ಎಂದರೂ ಅದು ಚಿಪ್ಪುಮೀನಿನ ಜಾತಿ, ಉಪ್ಪುನೀರು ಬೇಕು. ಮಳೆಗಾಲದ ಸಿಹಿನೀರಿನ ಹೊಳೆಯಲ್ಲಿ ದೋಣಿ ಕೆಲವು ವಾರ ನಿಂತರೆ ಹುಳವೂ ಬಾರ್ನಕಲ್ಲೂ ಸಾಯುತ್ತವೆ. ಬೇಸಿಗೆಯಲ್ಲಿ ಅಳಿವೆಗೆ ಇಳಿಸುವ ಮುಂಚೆ ತಾಮ್ರದ ಬಣ್ಣ ಬೇಕೇ ಬೇಕು.

ಎಷ್ಟು ಲೀಟರ್ ತರಬೇಕೆಂದು ಲೆಕ್ಕ ಹಾಕುವುದು ಹೇಗೆ?
– ಓದುಗರು, ಗಂಗೊಳ್ಳಿ

ನೀರಿನ ಗೆರೆಯ ಉದ್ದವನ್ನು, ಅಗಲ ಮತ್ತು ಮುಳುಗುವ ಆಳದ ಮೊತ್ತದಿಂದ ಗುಣಿಸಿ. 12 ಮೀಟರ್ ಉದ್ದ, 4 ಅಗಲ, 1.5 ಆಳ ಎಂದರೆ ಸುಮಾರು 66 ಚದರ ಮೀಟರ್. ಲೀಟರಿಗೆ 8 ಚದರ ಮೀಟರ್ ಎಂದು ಡಬ್ಬದ ಮೇಲಿದ್ದರೆ ಎರಡು ಕೋಟ್‌ಗೆ ಹದಿನೇಳು ಲೀಟರ್ ಹತ್ತಿರ. ಮೊದಲ ಕೋಟ್ ಬೇರೆ ಬಣ್ಣದ್ದಿರಲಿ; ಎಲ್ಲಿ ಸವೆಯುತ್ತಿದೆ ಎಂದು ಮುಂದಿನ ವರ್ಷ ಕಣ್ಣಿಗೇ ಕಾಣುತ್ತದೆ. ಮೂತಿ, ಚುಕ್ಕಾಣಿ, ನೀರಿನ ಗೆರೆಗೆ ಮೂರನೆಯ ಕೋಟ್ ಹಾಕಲು ಎರಡು ಲೀಟರ್ ಹೆಚ್ಚೇ ತನ್ನಿ. ಬೋಟಿಗೆ ಕೊಟ್ಟ ಮರದ ಆಧಾರಗಳನ್ನು ಒಂದೊಂದಾಗಿ ಸರಿಸಿ ಅವುಗಳ ಅಡಿಯ ಜಾಗಕ್ಕೂ ಬಳಿಸುವುದು ಮರೆಯಬೇಡಿ. ಪೇಂಟರಿಗೆ ಅದು ತಾನಾಗಿ ನೆನಪಾಗುವುದಿಲ್ಲ.