ಕೋಟರ್‌ನಲ್ಲಿ ಎಂಟು ಗಂಟೆ: ಹಡಗಿನವರ ಟೂರ್ ಬೇಕಾ?

ಮಾಂಟೆನೆಗ್ರೋದ ಕೋಟರ್‌ನಲ್ಲಿ ಹಡಗು 8ರಿಂದ 4ರವರೆಗೆ ನಿಲ್ಲುತ್ತೆ, ಅಮ್ಮನಿಗೆ ಮಂಡಿನೋವು, ಪೆರಾಸ್ಟ್, ಕೋಟರ್, ಬುದ್ವಾ ಮೂರೂ ಊರು ಇರೋ ಗೈಡೆಡ್ ಟೂರ್ ತಗೊಳ್ಳೋದಾ ಅಂತ ಕೇಳಿದ್ದೀರಿ. ತಗೊಳ್ಳಿ, ಆದ್ರೆ ಬುದ್ವಾ ಇಲ್ಲದ್ದನ್ನ. ಬೇಸಿಗೆಯಲ್ಲಿ ಆ ರಸ್ತೆ ಜಾಮ್ ಆದ್ರೆ ಬಸ್ಸಲ್ಲೇ ಅರ್ಧ ದಿನ ಹೋಗುತ್ತೆ. ನಮ್ಮದು ಹಾಗೇ ಆಯ್ತು. ಬುದ್ವಾದಲ್ಲಿ ಐಸ್‌ಕ್ರೀಂ ತಿಂದಿದ್ದಷ್ಟೇ ನೆನಪು.

ಪೆರಾಸ್ಟ್ ಮಾತ್ರ ಬಿಡಬೇಡಿ. ಅದರೆದುರಿಗಿನ ಚರ್ಚಿನ ದ್ವೀಪ ಮನುಷ್ಯರೇ ಕಟ್ಟಿದ್ದು. ಹಳೇ ಹಡಗುಗಳನ್ನ ಮುಳುಗಿಸಿ, ಮೇಲೆ ಕಲ್ಲು ಸುರಿದು ಸುರಿದು ನೆಲ ಮಾಡಿದ್ರಂತೆ. ಈಗಲೂ ಪ್ರತಿ ಜುಲೈ 22ರ ಸಂಜೆ ಊರವರು ದೋಣಿ ಸಾಲು ಕಟ್ಟಿಕೊಂಡು ಹೋಗಿ ಕಲ್ಲು ಹಾಕಿ ಬರ್ತಾರೆ. ಚರ್ಚಿನ ಒಳಗೊಂದು ಕಸೂತಿ ಚಿತ್ರ ಇದೆ, ಹತ್ತಿರ ನಿಂತು ನೋಡಿ. ಸಮುದ್ರಕ್ಕೆ ಹೋದ ಗಂಡಸಿನ ದಾರಿ ಕಾಯ್ತಾ ಒಬ್ಬಾಕೆ ತನ್ನ ಕೂದಲನ್ನೂ ಸೇರಿಸಿ ವರ್ಷಗಟ್ಟಲೆ ಹೆಣೆದದ್ದಂತೆ. ಹೆಣೀತಾ ಹೆಣೀತಾ ಕೂದಲಿನ ಬಣ್ಣವೇ ಬೆಳ್ಳಗಾಗಿದೆ! ಇದನ್ನೆಲ್ಲ ಹೇಳೋಕೆ ಗೈಡ್ ಬೇಕು.

ಕೋಟರ್ ಪೇಟೆಗೆ ಗೈಡ್ ಬೇಡ. ಬಂದರಿನ ಎದುರಿಗೇ ಕೋಟೆ ಬಾಗಿಲು, ಒಳಗೆ ವಾಹನ ಇಲ್ಲ, ಎಲ್ಲೆಲ್ಲೂ ಬೆಕ್ಕುಗಳು. 1166ರ ಸೇಂಟ್ ಟ್ರೈಫನ್ ಚರ್ಚ್ ನೋಡಿ. ಮೇಲಿನ ಕೋಟೆಗೆ ಸುಮಾರು 1,350 ಮೆಟ್ಟಿಲು. ಅಮ್ಮನನ್ನ ಕೆಳಗೆ ಚೌಕದಲ್ಲಿ ಕಾಫಿಗೆ ಕೂರಿಸಿ ನೀವು ಹತ್ತಿ. ಕಲ್ಲುಹಾಸು ನುಣ್ಣಗಿದೆ, ಅವರಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಪೆರಾಸ್ಟ್‌ನಲ್ಲಿ ದ್ವೀಪದ ದೋಣಿ ಹತ್ತುವಾಗಲೂ ಒಂದು ಕೈ ಹಿಡೀಬೇಕಾಗುತ್ತೆ.