ಮೂರನೇ ಪುಟದಿಂದ ಶುರುಮಾಡಿ

ನಮಸ್ಕಾರ.

ನೀವು ಕಳುಹಿಸಿದ ‘ಗುಜರಿ ವಿಮಾನಗಳ ಕೊನೆಯ ಕಾಳಗ’ ಲೇಖನವನ್ನು ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ವಿಷಯ ಕೈಬಿಡುವಂಥದ್ದಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

1969ರ ಜುಲೈನಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ನಡುವೆ ನಡೆದ ಯುದ್ಧದ ಬಗ್ಗೆ ಬರೆದಿದ್ದೀರಿ. ಮೊದಲ ಎರಡು ಪುಟ ಬರೀ ಫುಟ್‌ಬಾಲ್: ವಿಶ್ವಕಪ್ ಅರ್ಹತಾ ಪಂದ್ಯಗಳು, ಗೋಲುಗಳು, ಬೀದಿಗಲಾಟೆ. ಇದನ್ನು ಎಲ್ಲರೂ ಬರೆದು ಸವೆಸಿದ್ದಾರೆ. ಉಳುಮೆಗೆ ನೆಲವಿಲ್ಲದೆ ಹೊಂಡುರಾಸ್‌ಗೆ ವಲಸೆ ಹೋಗಿದ್ದ ಸುಮಾರು 3 ಲಕ್ಷ ಸಾಲ್ವಡಾರಿಗಳು, ಅಲ್ಲಿನ ಭೂಸುಧಾರಣೆಯಿಂದ ಅವರು ಒಕ್ಕಲೆದ್ದದ್ದು, ಇವಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ಜಗಳದ ಬೇರು ಅಲ್ಲಿದೆ. ಪಂದ್ಯಗಳಿಗೆ ಒಂದು ಪ್ಯಾರಾ ಸಾಕು.

ಮೂರನೇ ಪುಟಕ್ಕೆ ಬಂದಾಗ ನೆಟ್ಟಗೆ ಕೂತು ಓದಿದೆ. ಕೋರ್ಸೇರ್ ಯುದ್ಧವಿಮಾನದ ರೆಕ್ಕೆ ಬುಡದಲ್ಲಿ ಏಕೆ ಕೆಳಕ್ಕೆ ಬಾಗಿದೆ ಎಂದು ವಿವರಿಸಿದ್ದೀರಲ್ಲ, ಅಲ್ಲಿ ನಿಮಗೆ ವಿಮಾನ ಕಣ್ಣಿಗೆ ಕಟ್ಟಿದೆ. 13 ಅಡಿಗೂ ಹೆಚ್ಚು ಅಗಲದ ಪ್ರೊಪೆಲ್ಲರ್ ನೆಲಕ್ಕೆ ತಾಗಬಾರದು, ಹಾಗೆಂದು ಚಕ್ರದ ಕಾಲುಗಳು ಉದ್ದವಾಗಿ ಬಳುಕಲೂಬಾರದು. ಆದ್ದರಿಂದ ರೆಕ್ಕೆಯೇ ಬಾಗಿತು. ಲೇಖನ ಇಲ್ಲಿಂದಲೇ ಶುರುವಾಗಲಿ.

ಅದರ ಬೆನ್ನಿಗೇ ಒಂದು ತಪ್ಪು. ‘ಎರಡೂ ಕಡೆ ಮಹಾಯುದ್ಧ ಕಾಲದ ಒಂದೇ ವಿಮಾನ’ ಎನ್ನುತ್ತೀರಿ. ಸಾಲ್ವಡಾರ್ ಬಳಿ ಇದ್ದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ ಗುಡ್‌ಇಯರ್ ಕಂಪನಿ ತಯಾರಿಸಿದ ಎಫ್‌ಜಿ-1ಡಿ ಕೋರ್ಸೇರ್, ಆರು ಮೆಷಿನ್‌ಗನ್‌ಗಳದ್ದು. ಹೊಂಡುರಾಸ್‌ನ ಕ್ಯಾಪ್ಟನ್ ಫರ್ನಾಂಡೊ ಸೋಟೊ ಹಾರಿಸಿದ್ದು ಎಫ್4ಯು-5 ಕೋರ್ಸೇರ್, ಆ ಮಹಾಯುದ್ಧ ಮುಗಿದ ಮೇಲಿನ ಮಾದರಿ, ನಾಲ್ಕು 20 ಮಿ.ಮೀ. ಫಿರಂಗಿಗಳದ್ದು. ಒಂದೇ ಮನೆತನ, ಬೇರೆ ಬೇರೆ ತಲೆಮಾರು. ಈ ವ್ಯತ್ಯಾಸ ಬಿಟ್ಟರೆ ಜುಲೈ 17ರ ಕಾಳಗ ಬರೀ ಅದೃಷ್ಟದ ಕತೆಯಾಗುತ್ತದೆ.

ಆ ದಿನದ ಮುಖ್ಯ ಘಟನೆಯನ್ನಂತೂ ನೀವು ಅವಸರದಲ್ಲಿ ದಾಟಿಬಿಟ್ಟಿದ್ದೀರಿ. ಸೋಟೊ ಜೊತೆಗೆ ಹಾರಿದ್ದ ಫ್ರಾನ್ಸಿಸ್ಕೊ ಸೆಪೆಡಾ ಅವರ ಫಿರಂಗಿಗಳು ಕಚ್ಚಿಕೊಂಡವು. ಗುಂಡು ಹಾರಿಸಲಾಗದ ಅವರ ಮೇಲೆ ಸಾಲ್ವಡಾರಿನ ಎರಡು ಮಸ್ಟಾಂಗ್ ಯುದ್ಧವಿಮಾನಗಳು ಎರಗಿದವು. ಅವರನ್ನು ಕಾಪಾಡಲು ತಿರುಗಿ ಬಂದ ಸೋಟೊ ಒಂದು ಮಸ್ಟಾಂಗನ್ನು ಕೆಡವಿದರು, ಅದೇ ದಿನ ಮತ್ತೊಂದು ಹಾರಾಟದಲ್ಲಿ ಎರಡು ಎಫ್‌ಜಿ-1ಡಿಗಳನ್ನು. ಹಳೆಯ ಯಂತ್ರವನ್ನು ಯುದ್ಧಕ್ಕೆ ಇಳಿಸುವುದೆಂದರೆ ಏನು ಎಂಬುದೆಲ್ಲ ಆ ಕಚ್ಚಿಕೊಂಡ ಫಿರಂಗಿಯಲ್ಲಿದೆ. ಇದಕ್ಕೆ ನಿಮ್ಮಲ್ಲಿ ಎಂಟು ಪದ. ಗೋಲುಗಳಿಗೆ ಎರಡು ಪುಟ!

ಇನ್ನು ಧಾಟಿ. ‘ಗುಜರಿ’, ‘ಬಡವರ ವಾಯುಪಡೆ’ ಎಂಬ ಕುಹಕ ನನಗೆ ಹಿಡಿಸಲಿಲ್ಲ. ಜುಲೈ 14ರಂದು ಸಾಲ್ವಡಾರಿನವರು ಸಿ-47 ಸಾಗಣೆ ವಿಮಾನದ ಬಾಗಿಲಿನಿಂದ ಬಾಂಬುಗಳನ್ನು ಹೊರತಳ್ಳಿದ್ದನ್ನು ಹಾಸ್ಯಪ್ರಸಂಗದಂತೆ ಬರೆದಿದ್ದೀರಿ. ಕೆಳಗಿದ್ದದ್ದು ಹೊಂಡುರಾಸ್‌ನ ರಾಜಧಾನಿ ತೆಗುಸಿಗಾಲ್ಪ. ಕೆಡವಿದ ಮಸ್ಟಾಂಗ್‌ನ ಪೈಲಟ್ ಡಗ್ಲಸ್ ವರೇಲಾ ಸತ್ತರು, ಕೆಡವಿದ ಎರಡು ಕೋರ್ಸೇರ್‌ಗಳ ಪೈಲಟ್‌ಗಳಲ್ಲಿ ಒಬ್ಬರು ಕೂಡ. ಇನ್ನೊಬ್ಬರು ಪ್ಯಾರಾಚೂಟ್‌ನಲ್ಲಿ ಧುಮುಕಿ ಬದುಕಿದರು. ನಿಮ್ಮ ಲೇಖನದಲ್ಲಿ ವಿಮಾನಗಳು ಮಾತ್ರ ಬೀಳುತ್ತವೆ, ಮನುಷ್ಯರು ಬೀಳುವುದಿಲ್ಲ.

‘ರೋಮಾಂಚಕ’ ಎಂಬ ಪದ ಬಂದಲ್ಲೆಲ್ಲ ಹೊಡೆದುಹಾಕಿದ್ದೇನೆ. ಓದಿ ನೋಡಿ, ಒಂದು ವಾಕ್ಯಕ್ಕೂ ನಷ್ಟವಾಗಿಲ್ಲ.

ಸೋಟೊ ಹಾರಿಸಿದ 609 ಸಂಖ್ಯೆಯ ಕೋರ್ಸೇರ್ ಇಂದಿಗೂ ಹೊಂಡುರಾಸ್‌ನ ವಾಯು ವಸ್ತುಸಂಗ್ರಹಾಲಯದಲ್ಲಿದೆ. ನೀವು ಕಳುಹಿಸಿರುವ ಚಿತ್ರದಲ್ಲಿರುವುದು ಅಮೆರಿಕದ ನೌಕಾಪಡೆಯ ಬಣ್ಣದ ಬೇರೆ ವಿಮಾನ. ಸರಿಯಾದ ಚಿತ್ರ ಹುಡುಕಿ, ಬಳಸಲು ಅನುಮತಿಯನ್ನೂ ಪಡೆಯಿರಿ. ತಿದ್ದಿದ ಪ್ರತಿ ಈಗಿನದರ ಅರ್ಧದಷ್ಟಿರಲಿ. ಯೂನಿಕೋಡ್‌ನಲ್ಲಿ ಕಳುಹಿಸಿದರೆ ನಮ್ಮ ಅಕ್ಷರ ಜೋಡಿಸುವವರೂ ನಿಮ್ಮನ್ನು ಹರಸುತ್ತಾರೆ.