ಮರ್ಥರ್‌ಗೆ ಬರುತ್ತಿರುವ ತಂಗಿಗೆ

ವೇಲ್ಸ್‌ನ ಮರ್ಥರ್ ಟಿಡ್ಫಿಲ್ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಕಾರ್ಡಿಫ್‌ನಲ್ಲಿ ಮನೆ ಮಾಡಿ ಓಡಾಡುವುದೋ ಮರ್ಥರ್‌ನಲ್ಲೇ ಇರುವುದೋ, ಅಲ್ಲಿಯ ಜನ ನಮ್ಮಂಥವರನ್ನು ಹತ್ತಿರ ಸೇರಿಸುತ್ತಾರೋ ಇಲ್ಲವೋ ಎಂದು ಕೇಳಿದ್ದೀರಿ, ತಂಗಿ. ಸಂದರ್ಶನದ ಕೊನೆಗೆ ಒಬ್ಬರು ‘ಫುಟ್‌ಬಾಲ್ ನೋಡುತ್ತೀರಾ?’ ಎಂದು ಕೇಳಿದಾಗ ನೀವು ‘ಮ್ಯಾಂಚೆಸ್ಟರ್ ಯುನೈಟೆಡ್’ ಎಂದಿರಂತೆ, ಎಲ್ಲರೂ ನಕ್ಕರಂತೆ. ಅದರಲ್ಲಿ ನಗುವಂಥದ್ದೇನಿತ್ತು ಎಂಬುದೂ ನಿಮ್ಮ ಪ್ರಶ್ನೆ.

ಮನೆಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಮರ್ಥರ್‌ನಲ್ಲೇ ಇರಿ. ಕಾರ್ಡಿಫ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ, ಬಾಡಿಗೆಯೂ ಅಲ್ಲಿಗಿಂತ ಇಲ್ಲಿ ಕಡಿಮೆ. ರಾತ್ರಿ ಪಾಳಿ ಮುಗಿಸಿ ಜನವರಿಯ ಮಳೆಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲುವ ಶಿಕ್ಷೆ ಯಾರಿಗೂ ಬೇಡ.

ಜನರ ವಿಷಯಕ್ಕೆ ಮಾತ್ರ ಇಷ್ಟು ಚಿಕ್ಕ ಉತ್ತರ ಸಾಲದು. ಅವರನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಯ ಫುಟ್‌ಬಾಲ್ ಕ್ಲಬ್ಬು ನೂರು ವರ್ಷಗಳಲ್ಲಿ ಯಾವ ಯಾವ ಲೀಗ್‌ನಲ್ಲಿ ಆಡಿತು, ಎಲ್ಲಿಂದ ಹೊರಬಿತ್ತು, ಮತ್ತೆ ಎಲ್ಲಿಂದ ಹತ್ತಿತು ಎಂಬುದನ್ನು ತಿಳಿದರೆ ಸಾಕು ಎಂಬುದು ನನ್ನ ಬಲವಾದ ನಂಬಿಕೆ. ವೇಲ್ಸ್ ಎಂದರೆ ರಗ್ಬಿ ಎಂದು ಊರಲ್ಲಿ ಯಾರಾದರೂ ಹೇಳಿ ಕಳಿಸಿದ್ದರೆ ಅದು ಅರ್ಧ ಸತ್ಯ. ರಗ್ಬಿಯೂ ಇಲ್ಲಿದೆ, ಬಾಕ್ಸಿಂಗ್ ಅಂತೂ ಬಹಳವೇ ಇದೆ. ಹೊವರ್ಡ್ ವಿನ್‌ಸ್ಟನ್, ಜಾನಿ ಓವನ್ ಎಂಬ ಇಬ್ಬರು ಬಾಕ್ಸರ್‌ಗಳ ಪ್ರತಿಮೆಗಳನ್ನು ಬಂದ ವಾರವೇ ನೋಡುತ್ತೀರಿ. ಆದರೆ ಶನಿವಾರ ಮಧ್ಯಾಹ್ನ ಮೂರಕ್ಕೆ ಜನ ಪೆನಿಡಾರನ್ ಪಾರ್ಕ್ ಮೈದಾನದ ಕಡೆ ಏರು ಹತ್ತುತ್ತಾರೆ.

ಆ ಹೆಸರು ನಿಮಗೆ ಶಾಲೆಯ ಪಾಠದ ನೆರಳಲ್ಲಿ ಎಲ್ಲೋ ಬಂದಿರಲೂಬಹುದು. 1804ರಲ್ಲಿ ರಿಚರ್ಡ್ ಟ್ರೆವಿಥಿಕ್‌ನ ಉಗಿಬಂಡಿ ಹಳಿಯ ಮೇಲೆ ಕಬ್ಬಿಣದ ಹೊರೆ ಎಳೆದು ತೋರಿಸಿದ್ದು ಇಲ್ಲಿಯ ಪೆನಿಡಾರನ್ ಕಬ್ಬಿಣದ ಕಾರ್ಖಾನೆಯಿಂದಲೇ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಮರ್ಥರ್ ವೇಲ್ಸ್‌ನ ಅತಿ ದೊಡ್ಡ ಊರು. ಕಾರ್ಡಿಫ್ ಆಗ ಲೆಕ್ಕಕ್ಕೇ ಇರಲಿಲ್ಲ. ಇದನ್ನು ನೆನಪಿಡಿ, ಏಕೆಂದರೆ ಇವರು ಮರೆತಿಲ್ಲ. ನಾನು ಭದ್ರಾವತಿಯವನು, ಕಾರ್ಖಾನೆ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡ ಮನೆಯಲ್ಲಿ ಬೆಳೆದವನು. ಕುಲುಮೆ ಆರಿದ ಮೇಲೂ ಊರಿನ ಬಿಗುಮಾನ ಆರುವುದಿಲ್ಲ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಮೊದಲ ಕ್ಲಬ್ಬಿನ ಹೆಸರು ಮರ್ಥರ್ ಟೌನ್. 1909ರಲ್ಲಿ ಇಂಗ್ಲೆಂಡಿನ ಸದರ್ನ್ ಲೀಗ್ ಸೇರಿ, 1912ರಲ್ಲಿ ಅದರ ಎರಡನೇ ಡಿವಿಷನ್ ಗೆದ್ದಿತು. ವೇಲ್ಸ್‌ನ ಕ್ಲಬ್ಬು ಇಂಗ್ಲೆಂಡಿನ ಲೀಗ್‌ನಲ್ಲೇಕೆ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಇಡೀ ವೇಲ್ಸ್‌ಗೆ ಒಂದು ರಾಷ್ಟ್ರೀಯ ಲೀಗ್ ಎಂಬುದು ಹುಟ್ಟಿದ್ದೇ 1992ರಲ್ಲಿ. ಅದಕ್ಕೂ ಮೊದಲು ದೊಡ್ಡದಾಗಿ ಆಡಬೇಕೆಂದರೆ ಪೂರ್ವದ ಕಡೆ ಗಡಿ ದಾಟಲೇಬೇಕಿತ್ತು. 1920ರಲ್ಲಿ ಇಂಗ್ಲೆಂಡಿನ ಮುಖ್ಯ ಲೀಗ್ ಆದ ಫುಟ್‌ಬಾಲ್ ಲೀಗ್ ಹೊಸದಾಗಿ ಮೂರನೇ ಡಿವಿಷನ್ ತೆರೆದು, ಸದರ್ನ್ ಲೀಗ್‌ನ ಮೇಲಿನ ಹಂತದ ತಂಡಗಳನ್ನು ಬಹುಮಟ್ಟಿಗೆ ಸಗಟಾಗಿ ಒಳಗೆ ತೆಗೆದುಕೊಂಡಿತು. ಮರ್ಥರ್ ಹಾಗೆ ಒಳಗೆ ಬಂದಿತು. ಮೊದಲ ಪಂದ್ಯ ತವರಿನಲ್ಲಿ, ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ, 2–1ರ ಗೆಲುವು. ಆ ವರ್ಷ ಡಿವಿಷನ್ ಗೆದ್ದವರು ಅದೇ ಪ್ಯಾಲೆಸ್. ಇಂದು ಪ್ರೀಮಿಯರ್ ಲೀಗ್‌ನಲ್ಲಿ ಪ್ಯಾಲೆಸ್ ಆಟವನ್ನು ಟಿವಿಯಲ್ಲಿ ನೋಡುವಾಗ ಇಲ್ಲಿಯ ವಯಸ್ಸಾದವರು ಈ ಮಾತನ್ನು ತೆಗೆಯದೆ ಬಿಡುವುದಿಲ್ಲ. ತಾವೇ ಆಡಿದಂತೆ ಹೇಳುತ್ತಾರೆ, ತಲೆಯಾಡಿಸಿ.

ಹತ್ತು ವರ್ಷ ಹಾಗೆ ನಡೆಯಿತು, ಮತ್ತು ಚೆನ್ನಾಗಿ ನಡೆಯಲಿಲ್ಲ. 1922ರ ಸೆಪ್ಟೆಂಬರಿನಿಂದ 1925ರ ಸೆಪ್ಟೆಂಬರಿನವರೆಗೆ ಪರಸ್ಥಳದಲ್ಲಿ ಆಡಿದ 61 ಪಂದ್ಯಗಳಲ್ಲಿ ಮರ್ಥರ್ ಒಂದನ್ನೂ ಗೆಲ್ಲಲಿಲ್ಲ. ಫುಟ್‌ಬಾಲ್ ಲೀಗ್‌ನ ದಾಖಲೆ ಅದು. ಮೂರು ವರ್ಷ ಪ್ರತಿ ಸಲ ರೈಲು ಹತ್ತಿ ಹೋಗಿ, ಗೆಲ್ಲದೆ ಮರಳಿ, ಮತ್ತೆ ಹೋದ ಆಟಗಾರರನ್ನು ನೆನೆದರೆ ನನಗೆ ನಗುವಿಗಿಂತ ಹೆಚ್ಚಾಗಿ ಗೌರವ ಬರುತ್ತದೆ. ಕಾರಣವೂ ಇತ್ತು. ಊರಿನ ಹೆಸರಾಂತ ಕಬ್ಬಿಣದ ಕಾರ್ಖಾನೆಗಳಲ್ಲಿ ಕವಾರ್ಥ್ವಾ ಆಗಲೇ ಮುಚ್ಚಿತ್ತು, ಡೌಲೈಸ್ ಕೈಚೆಲ್ಲುತ್ತಿತ್ತು. ಕೂಲಿ ನಿಂತರೆ ಗೇಟಿನ ದುಡ್ಡು ನಿಲ್ಲುತ್ತದೆ, ಗೇಟಿನ ದುಡ್ಡು ನಿಂತರೆ ಒಳ್ಳೆಯ ಆಟಗಾರ ಬೇರೆ ಊರಿಗೆ ಹೋಗುತ್ತಾನೆ. 1929–30ರ ಋತುವಿನಲ್ಲಿ 42 ಪಂದ್ಯಗಳಿಗೆ 135 ಗೋಲು ಬಿಟ್ಟುಕೊಟ್ಟು ತಂಡ ಕೊನೆಯ ಸ್ಥಾನಕ್ಕೆ ಬಿತ್ತು. ಡೌಲೈಸ್ ಕಾರ್ಖಾನೆಯ ಬಹುಭಾಗ ಮುಚ್ಚಿದ್ದೂ ಅದೇ 1930ರಲ್ಲಿ.

ಇಲ್ಲಿ ಒಂದು ನಿಯಮವನ್ನು ಹೇಳಲೇಬೇಕು, ಏಕೆಂದರೆ ಮರ್ಥರ್‌ನವರ ಕಹಿಯೆಲ್ಲ ಅದರಲ್ಲಿದೆ. ಆಗ ಫುಟ್‌ಬಾಲ್ ಲೀಗ್‌ನ ತಳದಿಂದ ತಾನಾಗಿ ಹಿಂಬಡ್ತಿ ಇರಲಿಲ್ಲ, ಹೊರಗಿನವರಿಗೆ ಬಡ್ತಿಯೂ ಇರಲಿಲ್ಲ. ಕೊನೆಯಲ್ಲಿ ಉಳಿದವರು ಮರುಆಯ್ಕೆಗೆ ಅರ್ಜಿ ಹಾಕಬೇಕು, ಹೊರಗಿನವರೂ ಅರ್ಜಿ ಹಾಕಬೇಕು, ಲೀಗ್‌ನ ಕ್ಲಬ್ಬುಗಳು ಮತ ಹಾಕಿ ತೀರ್ಮಾನಿಸಬೇಕು. 1930ರಲ್ಲಿ ಮತ ಮರ್ಥರ್‌ಗೆ ಬೀಳಲಿಲ್ಲ. ಅದರ ಜಾಗಕ್ಕೆ ಲಂಡನ್ನಿನ ಥೇಮ್ಸ್ ಎಂಬ ಹೊಸ ಕ್ಲಬ್ಬು ಬಂದಿತು. ದೊಡ್ಡ ಕ್ರೀಡಾಂಗಣ, ದೊಡ್ಡ ಮಾತು. ಎರಡೇ ವರ್ಷದಲ್ಲಿ ಬಾಗಿಲು ಹಾಕಿತು. ಪಕ್ಕದ ಕಣಿವೆಯ ಅಬರ್‌ಡೇರ್‌ನ ಕ್ಲಬ್ಬಿಗೆ ಇದೇ ಗತಿ 1927ರಲ್ಲೇ ಆಗಿತ್ತು. ಮರ್ಥರ್ ಟೌನ್ 1934ರವರೆಗೆ ಎಳೆದಾಡಿ ಮುಚ್ಚಿತು. 1936ರಲ್ಲಿ ದೊರೆ ಎಂಟನೇ ಎಡ್ವರ್ಡ್ ಡೌಲೈಸ್‌ನ ಪಾಳು ಕಾರ್ಖಾನೆ ನೋಡಿ, ಏನಾದರೂ ಮಾಡಲೇಬೇಕು ಎಂಬರ್ಥದ ಮಾತನಾಡಿ ಹೋದ. ಮುಂದಿನ ತಿಂಗಳು ಸಿಂಹಾಸನವನ್ನೇ ಬಿಟ್ಟ. ದೊಡ್ಡವರು ಆಡುವ ಭರವಸೆಯ ಮಾತಿಗೆ ಇಲ್ಲಿಯವರು ಹುಬ್ಬೇರಿಸುವುದು ಏಕೆಂದು ಗೊತ್ತಾಯಿತಲ್ಲ.

ಯುದ್ಧ ಮುಗಿದ 1945ರಲ್ಲಿ ಅದೇ ಮೈದಾನದಲ್ಲಿ ಮರ್ಥರ್ ಟಿಡ್ಫಿಲ್ ಎಂಬ ಹೆಸರಿನಲ್ಲಿ ಎರಡನೆಯ ಕ್ಲಬ್ಬು ಹುಟ್ಟಿತು. ಅಭಿಮಾನಿಗಳ ಬಾಯಲ್ಲಿ ‘ಮಾರ್ಟರ್ಸ್’, ಅಂದರೆ ಹುತಾತ್ಮರು. ಮರುವರ್ಷವೇ ಸದರ್ನ್ ಲೀಗ್ ಸೇರಿ 1948, 1950, 1951, 1952, 1954ರಲ್ಲಿ ಅದನ್ನು ಗೆದ್ದಿತು. ವೇಲ್ಸ್‌ನ ನಾಕೌಟ್ ಪಂದ್ಯಾವಳಿಯಾದ ವೆಲ್ಷ್ ಕಪ್‌ನ ಫೈನಲ್‌ನಲ್ಲಿ 1949ರಲ್ಲಿ ಸ್ವಾನ್ಸಿಯನ್ನು, 1951ರಲ್ಲಿ ಕಾರ್ಡಿಫ್ ಸಿಟಿಯನ್ನು ಸೋಲಿಸಿತು. ಇಂಥ ತಂಡ ಮೇಲಕ್ಕೆ ಹೋಗಲೇಬೇಕು ಎಂದು ನಿಮಗೂ ನನಗೂ ಅನ್ನಿಸುತ್ತದೆ. 1950ರಲ್ಲಿ ಫುಟ್‌ಬಾಲ್ ಲೀಗ್ ನಾಲ್ಕು ಹೊಸ ಜಾಗ ತೆರೆಯಿತು. ಸದರ್ನ್ ಲೀಗ್‌ನಲ್ಲಿ ಮರ್ಥರ್‌ನ ಹಿಂದೆ ಎರಡನೆಯವರಾಗಿ ಮುಗಿಸಿದ ಕೋಲ್ಚೆಸ್ಟರ್‌ಗೆ ಒಂದು ಜಾಗ ಸಿಕ್ಕಿತು. ಗಿಲಿಂಗ್‌ಹ್ಯಾಮ್, ಸ್ಕನ್‌ತಾರ್ಪ್, ಶ್ರೂಸ್‌ಬರಿಗೂ ಸಿಕ್ಕಿತು. ಗೆದ್ದವರಿಗೆ ಸಿಗಲಿಲ್ಲ. ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕಿಂತ ಮತ ಹಾಕುವವರ ಪರಿಚಯ ದೊಡ್ಡದು ಎಂದು ಅಂದು ಕಲಿತ ಊರು ಇದು. ಗೆದ್ದವರಿಗೆ ಬಾಗಿಲು ತಾನಾಗಿ ತೆರೆಯುವ ನಿಯಮ ಬಂದದ್ದು 1987ರಲ್ಲಿ.

1987ರ ಮಾತು ಬಂದಿತಲ್ಲ, ಇನ್ನು ತಪ್ಪಿಸಿಕೊಳ್ಳಲಾರೆ. ಆ ವರ್ಷ ಮರ್ಥರ್ ಮತ್ತೆ ವೆಲ್ಷ್ ಕಪ್ ಗೆದ್ದಿತು. ಆಗ ವೆಲ್ಷ್ ಕಪ್ ಎಂದರೆ ಯುರೋಪಿನ ಕಪ್ ವಿನ್ನರ್ಸ್ ಕಪ್‌ಗೆ ಟಿಕೆಟ್. ಮೊದಲ ಸುತ್ತಿನಲ್ಲೇ ಎದುರು ಬಂದದ್ದು ಇಟಲಿಯ ಅಟಲಾಂಟಾ. ಸೆಪ್ಟೆಂಬರ್ 16ರ ರಾತ್ರಿ ಪೆನಿಡಾರನ್ ಪಾರ್ಕ್‌ನಲ್ಲಿ ಕೆವಿನ್ ರಾಜರ್ಸ್, ಸೆರಿ ವಿಲಿಯಮ್ಸ್ ಗೋಲು ಹೊಡೆದರು. ಮರ್ಥರ್ 2, ಅಟಲಾಂಟಾ 1. ಹಗಲು ಬೇರೆ ಬೇರೆ ಕೆಲಸ ಮಾಡಿಕೊಂಡಿದ್ದ, ಅರೆಕಾಲಿಕ ಆಟಗಾರರ ತಂಡ ಅದು. ಎರಡು ವಾರದ ನಂತರ ಬೆರ್ಗಮೋದಲ್ಲಿ 2–0 ಸೋತು ಹೊರಬಿದ್ದರು. ಅಟಲಾಂಟಾ ಆ ಸಲ ಸೆಮಿಫೈನಲ್‌ವರೆಗೆ ಹೋಯಿತು. ನಿಮ್ಮ ವಾರ್ಡಿನಲ್ಲಿ ಅರವತ್ತು ದಾಟಿದ ರೋಗಿಯೊಬ್ಬ ಮಾತೇ ಆಡುವುದಿಲ್ಲ ಎಂದಾದರೆ ‘ಅಟಲಾಂಟಾ ಪಂದ್ಯಕ್ಕೆ ಹೋಗಿದ್ದಿರಾ?’ ಎಂದು ಕೇಳಿ. ಹೋಗಿದ್ದೆ ಎನ್ನುವವರನ್ನೆಲ್ಲ ಸೇರಿಸಿದರೆ ಆ ಮೈದಾನದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಅದು ಬೇರೆ ಮಾತು.

1989ರಲ್ಲಿ ಮತ್ತೆ ಸದರ್ನ್ ಲೀಗ್ ಗೆದ್ದು, ಫುಟ್‌ಬಾಲ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್‌ಗೆ ಏರಿ, ಅಲ್ಲಿ ಆರು ಋತು ಆಡಿತು. ಆ ನಡುವೆಯೇ 1992ರ ಜಗಳ. ವೇಲ್ಸ್‌ನ ಫುಟ್‌ಬಾಲ್ ಸಂಸ್ಥೆ ಲೀಗ್ ಆಫ್ ವೇಲ್ಸ್ ಕಟ್ಟಿ, ಇಂಗ್ಲೆಂಡಿನ ಕಡೆ ಆಡುತ್ತಿದ್ದ ಸಣ್ಣ ಕ್ಲಬ್ಬುಗಳಿಗೆ ಮನೆಗೆ ಬನ್ನಿ ಎಂದಿತು. ಬರುವುದಿಲ್ಲ ಎಂದ ಎಂಟು ಕ್ಲಬ್ಬುಗಳಲ್ಲಿ ಮರ್ಥರ್ ಒಂದು. ಬ್ಯಾಂಗರ್, ನ್ಯೂಟೌನ್, ರಿಲ್ ಮನಸ್ಸು ಬದಲಿಸಿದವು. ನ್ಯೂಪೋರ್ಟ್ ಸ್ವಂತ ಊರಲ್ಲಿ ಆಡಲಾಗದೆ ಗ್ಲಾಸ್ಟರ್‌ಗೆ ಹೋಗಿ ಆಡಿತು. ಕೊನೆಗೆ ನ್ಯಾಯಾಲಯದ ಮೂಲಕ ಊರಿಗೆ ದಾರಿ ತೆರೆಯಿತು. ಇಂದು ಇಂಗ್ಲೆಂಡಿನ ಲೀಗ್ ಏಣಿಯಲ್ಲಿ ಉಳಿದಿರುವ ವೇಲ್ಸ್‌ನ ಕ್ಲಬ್ಬುಗಳು ಐದು: ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್, ನ್ಯೂಪೋರ್ಟ್ ಮತ್ತು ಈ ಪುಟ್ಟ ಮರ್ಥರ್.

ಲೆಕ್ಕ ಹಾಕಿದರೆ ಇದು ನಷ್ಟದ ವ್ಯಾಪಾರ. ವೇಲ್ಸ್‌ನ ಲೀಗ್ ಗೆದ್ದರೆ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತು, ಜೊತೆಗೆ ಯುರೋಪಿನ ಹಣ. ಟಿಎನ್ಎಸ್ (ದ ನ್ಯೂ ಸೇಂಟ್ಸ್) ಎಂಬ ಕ್ಲಬ್ಬಿನ ಮೈದಾನ ಇರುವುದು ಇಂಗ್ಲೆಂಡಿನ ಆಸ್ವೆಸ್ಟ್ರಿಯಲ್ಲಿ. ಆಡುವುದು ವೇಲ್ಸ್‌ನ ಲೀಗ್‌ನಲ್ಲಿ. 2024–25ರಲ್ಲಿ ಅದು ಯುರೋಪಿನ ಕಾನ್ಫರೆನ್ಸ್ ಲೀಗ್‌ನ ಮುಖ್ಯ ಹಂತದವರೆಗೆ ಹೋಗಿ ಬಂದಿತು. ಇತ್ತ ವೇಲ್ಸ್‌ನ ಮರ್ಥರ್ ಇಂಗ್ಲೆಂಡಿನ ಮಳೆಯೂರುಗಳಲ್ಲಿ ಕೆಸರು ತುಳಿಯುತ್ತಿತ್ತು. ನಾನು ಇದನ್ನು ಒಮ್ಮೆ ಜೋರಾಗಿಯೇ ಹೇಳಿದ್ದೆ. ಪಕ್ಕದಲ್ಲಿದ್ದ ಹಿರಿಯರು ‘ನಮಗೆ ಗೊತ್ತು’ ಎಂದಷ್ಟೇ ಹೇಳಿ ಆಟದ ಕಡೆ ತಿರುಗಿದರು. ಅವರು ಹಳೆಯ ಮೊಂಡುತನವನ್ನು ತಿಳಿದೇ ಇಟ್ಟುಕೊಂಡಿದ್ದಾರೆ. ತೊಂಬತ್ತರ ದಶಕದ ಆ ನಿರ್ಧಾರ ಸರಿಯೋ ತಪ್ಪೋ ಎಂಬ ವಾದ ನನ್ನಲ್ಲಿ ಇನ್ನೂ ಮುಗಿದಿಲ್ಲ. ಅವರಲ್ಲಿ ಆರಂಭವೇ ಆಗಿಲ್ಲ.

2010ರಲ್ಲಿ ಸಾಲ ಮಿತಿಮೀರಿ ಆ ಕ್ಲಬ್ಬೂ ಮುಳುಗಿತು. ಆಗ ಅಭಿಮಾನಿಗಳ ಟ್ರಸ್ಟ್ ಮುಂದೆ ಬಂದು, ಮರ್ಥರ್ ಟೌನ್ ಎಂಬ ಅಜ್ಜಂದಿರ ಕಾಲದ ಹೆಸರನ್ನೇ ಇಟ್ಟು ಮೂರನೆಯ ಸಲ ಶುರು ಮಾಡಿತು. ಮೂರು ಹಂತ ಕೆಳಗೆ, ವೆಸ್ಟರ್ನ್ ಲೀಗ್‌ನ ಒಂದನೇ ಡಿವಿಷನ್. ಮೊದಲ ವರ್ಷ ಸ್ವಂತ ಮೈದಾನವೂ ಇಲ್ಲ. ಕಣಿವೆಯ ಕೆಳಗೆ ಟ್ಯಾಫ್ಸ್ ವೆಲ್ ಎಂಬಲ್ಲಿ ತವರಿನ ಪಂದ್ಯಗಳು. 2011ರಲ್ಲಿ ಆ ಡಿವಿಷನ್ ಗೆದ್ದು, 2012ರಲ್ಲಿ ಮೇಲಿನದನ್ನೂ ಗೆದ್ದು, 2015ರಲ್ಲಿ ಸದರ್ನ್ ಲೀಗ್‌ನ ಕೆಳ ಡಿವಿಷನ್ ಗೆದ್ದರು. ಅಲ್ಲಿಂದ ಹತ್ತು ವರ್ಷ ಒಂದೇ ಹಂತದಲ್ಲಿ ಕಾದು, 2025ರಲ್ಲಿ ಸದರ್ನ್ ಲೀಗ್ ಪ್ರೀಮಿಯರ್ ಸೌತ್ ಗೆದ್ದು ನ್ಯಾಷನಲ್ ಲೀಗ್‌ನ ಕೆಳ ಹಂತಕ್ಕೆ ಏರಿದರು.

ಈಗ ನಿಮ್ಮ ಸಂದರ್ಶನದ ನಗು. ಅದರಲ್ಲಿ ಕುಹಕ ಇರಲಿಲ್ಲ. ಇಲ್ಲಿಯವರೂ ದೊಡ್ಡ ಕ್ಲಬ್ಬುಗಳ ಅಂಗಿ ತೊಡುತ್ತಾರೆ. ಆದರೆ ಫುಟ್‌ಬಾಲ್ ನೋಡುತ್ತೀರಾ ಎಂದು ಮರ್ಥರ್‌ನಲ್ಲಿ ಕೇಳಿದರೆ, ಮಳೆಯಲ್ಲಿ ನಿಲ್ಲುತ್ತೀರಾ ಎಂದು ಕೇಳಿದಂತೆ. ಇವರು ಗೆದ್ದದ್ದಕ್ಕೆ ಬಹುಮಾನ ಸಿಗದೆ, ಎರಡು ಸಲ ಕ್ಲಬ್ಬನ್ನೇ ಕಳೆದುಕೊಂಡವರು. ಗೆಲ್ಲುವವರ ಕಡೆ ಇರುವವರನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಂದಿನ ವಾರವೂ ಬಂದವರನ್ನು ಹಿಡಿಯುತ್ತಾರೆ. ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲು ನೆರೆಯವರು ಕಲಿತದ್ದು ಮೂರನೆಯ ಚಳಿಗಾಲದಲ್ಲಿ, ಮೈದಾನದಲ್ಲಿ ನಿಂತು ಆಟ ನೋಡುವ ಮೆಟ್ಟಿಲುಗಳ ಮೇಲೆ. ಅದಕ್ಕೂ ಮೊದಲು ಯಾರೂ ಒರಟಾಗಿ ನಡೆದುಕೊಂಡಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಹೊರಗಿನಿಂದ ಬಂದವರು ಈ ಊರಿಗೆ ಹೊಸಬರೂ ಅಲ್ಲ. ಐರಿಷರು ಬಂದರು. ಕಾರ್ಖಾನೆಗೆಂದು ಸ್ಪೇನ್‌ನವರು ಬಂದು ಡೌಲೈಸ್‌ನಲ್ಲಿ ತಮ್ಮದೇ ಬೀದಿ ಮಾಡಿಕೊಂಡರು. ಈಚೆಗೆ ಪೋಲೆಂಡ್, ಪೋರ್ಚುಗಲ್‌ನವರು ಬಂದಿದ್ದಾರೆ. ವಾರ್ಡಿನಲ್ಲಿ ಕೇರಳ, ಫಿಲಿಪ್ಪೀನ್ಸ್‌ನವರ ಜೊತೆಗೆ ನೀವು.

ಒಂದೆರಡು ಎಚ್ಚರಿಕೆ. ಇವರನ್ನು ಇಂಗ್ಲಿಷರು ಎನ್ನಬೇಡಿ, ಲೀಗ್ ಇಂಗ್ಲೆಂಡಿನದ್ದಾದರೂ. ಕಾರ್ಡಿಫ್‌ನ ಹೊಗಳಿಕೆಯನ್ನು ಕಾರ್ಡಿಫ್‌ನಲ್ಲೇ ಬಿಟ್ಟು ಬನ್ನಿ. ಮೈದಾನಕ್ಕೆ ಹೋಗುವಾಗ ಒಳಗೊಂದು ಉಣ್ಣೆಯ ಅಂಗಿ, ಹೊರಗೊಂದು ಮಳೆಯಂಗಿ. ಛತ್ರಿ ಬಿಚ್ಚಿದರೆ ಹಿಂದಿನವರು ಬೈಯುತ್ತಾರೆ, ಆ ಬೈಗುಳ ನ್ಯಾಯವಾದದ್ದು. ಟಿಕೆಟ್ ಬಗ್ಗೆ ಚಿಂತೆ ಬೇಡ, ಜಾಗ ಇರುತ್ತದೆ.

ಕೊನೆಯದಾಗಿ ಪಾಳಿಯ ವಿಷಯ. 2025ರಲ್ಲಿ ಏರಿದ ಮೇಲೆ ಲೀಗ್‌ನವರು ನಕ್ಷೆ ಅಳೆದು, ದಕ್ಷಿಣ ವೇಲ್ಸ್‌ನ ಈ ಕ್ಲಬ್ಬನ್ನು ನ್ಯಾಷನಲ್ ಲೀಗ್ ನಾರ್ತ್‌ಗೆ ಹಾಕಿದರು. ಇಂಗ್ಲೆಂಡಿನ ಈಶಾನ್ಯ ಮೂಲೆಯ ಸೌತ್ ಶೀಲ್ಡ್ಸ್‌ವರೆಗೂ ಬಸ್ಸಿನಲ್ಲಿ ಹೋಗಿ ಬರುವ ಹಣೆಬರಹ. ಆದ್ದರಿಂದ ಸಹೋದ್ಯೋಗಿ ಯಾರಾದರೂ ಶನಿವಾರದ ಪಾಳಿ ಬದಲಿಸಿಕೊಳ್ಳೋಣವೇ ಎಂದು ಸಿಹಿಯಾಗಿ ಕೇಳಿದರೆ, ಒಪ್ಪುವ ಮೊದಲು ಅಂದಿನ ಪಂದ್ಯ ಎಲ್ಲಿದೆ ಎಂದು ವಿಚಾರಿಸಿ. ತವರಿನಲ್ಲಿದ್ದರೆ ಆರು ಗಂಟೆಯೊಳಗೆ ಅವರು ಮನೆಗೆ ಬಂದಿರುತ್ತಾರೆ. ಸೌತ್ ಶೀಲ್ಡ್ಸ್‌ನಲ್ಲಿದ್ದರೆ ಭಾನುವಾರ ಬೆಳಗಿನ ಪಾಳಿಯೂ ನಿಮ್ಮ ತಲೆಗೇ ಬರುತ್ತದೆ. ಅದಕ್ಕೆ ಬದಲಾಗಿ ಮುಂದಿನ ಎರಡು ಹಬ್ಬದ ರಜೆಗಳನ್ನು ಈಗಲೇ ಬರೆಸಿಕೊಳ್ಳಿ.